ಎಂಟನೆಯ ತಡಮೆ

"ಗುರುಗಳೇ, ಸೇವೆ ಮಾಡುವಾಗ ಸಂತೋಷವಾದರೆ ಅದು ಸೇವೆಯೇ?" ಎಂದು ಶಿಷ್ಯ ಕೇಳಿದ.

ಬೇಸಿಗೆಯ ದಿನಗಳು. ಮಠದ ಮುಂದಿನ ಅರವಟ್ಟಿಗೆಯಲ್ಲಿ ದಾರಿಹೋಕರಿಗೆ ನೀರು ಕೊಡುವ ಕೆಲಸ ಅವನದಾಗಿತ್ತು.

"ಯಾಕೆ ಈ ಪ್ರಶ್ನೆ ಬಂತು?" ಎಂದರು ಗುರುಗಳು.

"ಬಿಸಿಲಲ್ಲಿ ಬಂದವರು ನೀರು ಕುಡಿದು ಉಸ್ಸೆಂದರೆ ನನಗೆ ತುಂಬಾ ಖುಷಿಯಾಗುತ್ತದೆ. ಅದನ್ನು ಹಿರಿಯರೊಬ್ಬರಿಗೆ ಹೇಳಿದೆ. ಖುಷಿ ಸಿಕ್ಕಿತೆಂದರೆ ಕೂಲಿ ಸಿಕ್ಕಿದ ಹಾಗೆ, ಕೂಲಿ ತೆಗೆದುಕೊಂಡವನದು ಸೇವೆಯಲ್ಲ ಎಂದರು ಅವರು. ಅಂದಿನಿಂದ ಮುಖ ಬಿಗಿದುಕೊಂಡು ನೀರು ಕೊಡುತ್ತಿದ್ದೇನೆ. ಇವತ್ತಿಗೆ ಒಂದು ವಾರವಾಯಿತು. ಆದರೂ ಒಳಗೊಳಗೇ ಖುಷಿಯಾಗುವುದು ನಿಂತಿಲ್ಲ."

ಗುರುಗಳು ನಗಲಿಲ್ಲ. ಕುಳಿತುಕೋ ಎಂದು ಕೈ ತೋರಿಸಿ, ಈ ಕತೆ ಹೇಳಿದರು.

ಗುಡ್ಡದ ಮೇಲೊಂದು ಊರು, ಕೆಳಗೆ ಹೊಳೆಯ ದಂಡೆಯಲ್ಲಿ ಇನ್ನೊಂದು ಊರು. ಎರಡರ ನಡುವೆ ಹೊಲಗದ್ದೆಗಳು. ಗಾಡಿಯ ರಸ್ತೆ ಗುಡ್ಡವನ್ನು ಬಳಸಿಕೊಂಡು ಹೋಗುತ್ತಿತ್ತು. ಅದರಲ್ಲಿ ಹೊರಟರೆ ಅರ್ಧ ದಿನ ಬೇಕು. ಕಾಲುದಾರಿ ಹೊಲಗಳ ನಡುವೆ ನೇರ ಇಳಿಯುತ್ತಿತ್ತು. ಅದರಲ್ಲಿ ಹೊರಟರೆ ಒಂದು ಎಲೆಯಡಿಕೆ ಮೆಲ್ಲುವುದರೊಳಗೆ ತಲುಪಬಹುದು. ಹೊಲಕ್ಕೊಂದು ಬೇಲಿ, ಬೇಲಿಗೊಂದು ತಡಮೆ. ಎರಡು ಕಂಬ, ನಡುವೆ ಅಡ್ಡ ಮರ, ಆಚೆಗೊಂದು ಈಚೆಗೊಂದು ಮೆಟ್ಟಿಲು ಕಲ್ಲು. ಮನುಷ್ಯರು ಹತ್ತಿ ದಾಟಬೇಕು, ದನಗಳು ಈಚೆಗೇ ನಿಲ್ಲಬೇಕು. ಅಂಥ ತಡಮೆಗಳು ಆ ದಾರಿಯಲ್ಲಿ ಎಂಟಿದ್ದವು.

ಅವನ್ನು ಯಾರು ಕಟ್ಟಿದ್ದರೋ ಯಾರಿಗೂ ನೆನಪಿರಲಿಲ್ಲ. ದಾರಿ ಎಲ್ಲರದಾದ್ದರಿಂದ ತಡಮೆ ಯಾರದೂ ಆಗಿರಲಿಲ್ಲ. ಮರ ಕೊಳೆತು ಲಡ್ಡಾಯಿತು, ಕಲ್ಲು ಅಲುಗಾಡತೊಡಗಿತು. ಜನ ಪಕ್ಕದ ಬೇಲಿಯನ್ನು ಸರಿಸಿ ನುಗ್ಗಿದರು. ಅವರ ಹಿಂದೆ ದನ ನುಗ್ಗಿದವು. ಹೊಲದವರು ಬೈದರು.

ಒಂದು ದಿನ ಒಬ್ಬ ಬಳೆಗಾರ ಹೊರೆ ಹೊತ್ತು ಆ ದಾರಿಯಲ್ಲಿ ಬಂದ. ಮೊದಲನೆಯ ತಡಮೆಯ ಮೇಲೆ ಕಾಲಿಟ್ಟ. ಮರ ಮುರಿಯಿತು. ಬಳೆಗಾರ ಒಂದು ಕಡೆ ಬಿದ್ದ, ಬಳೆಗಳು ಇನ್ನೊಂದು ಕಡೆ ಬಿದ್ದವು. ಅವನ ಮೊಣಕಾಲು ತರಚಿತ್ತು, ಅಷ್ಟೆ. ಬಳೆಗಳಲ್ಲಿ ಮಾತ್ರ ಒಂದು ಡಜನ್ನೂ ಇಡಿಯಾಗಿ ಉಳಿದಿರಲಿಲ್ಲ.

ಅವನು ಕುಳಿತು ಚೂರುಗಳನ್ನು ಹೆಕ್ಕತೊಡಗಿದ. ಅದೇ ದಾರಿಯಲ್ಲಿ ಕೆಲಸ ಮುಗಿಸಿ ಬರುತ್ತಿದ್ದ ಒಬ್ಬ ಬಡಗಿ ನಿಂತು ನೋಡಿದ.

"ಒಡೆದ ಬಳೆ ಯಾಕೆ ಹೆಕ್ಕುತ್ತೀ?" ಎಂದ ಬಡಗಿ.

"ಬರಿಗಾಲಲ್ಲಿ ನಡೆಯುವವರು ಈ ದಾರಿಯಲ್ಲಿ ಬರುತ್ತಾರಲ್ಲ," ಎಂದ ಬಳೆಗಾರ. ಆಮೇಲೆ ನಕ್ಕುಬಿಟ್ಟ. "ಆದರೆ ಬಿದ್ದಾಗ ಎಂಥ ಸದ್ದು ಬಂತು ಗೊತ್ತೇ! ಎರಡೂ ಊರಿನ ಹೆಂಗಸರು ಒಟ್ಟಿಗೆ ಕೈ ಬೀಸಿದ ಹಾಗಿತ್ತು."

ಬಡಗಿ ಮಾತು ಕಡಿಮೆಯ ಮನುಷ್ಯ. ಅವನೂ ಕುಳಿತು ಚೂರು ಹೆಕ್ಕಿದ. ಎದ್ದು ಹೊರಡುವಾಗ ಮುರಿದ ಮರವನ್ನು ಅಳೆದುಕೊಂಡ. "ಸೋಮವಾರ ಬಾ. ಕಲ್ಲು ಎತ್ತಲು ಒಬ್ಬರು ಬೇಕು," ಎಂದ.

ಹೀಗೆ ಅದು ಶುರುವಾಯಿತು. ಸೋಮವಾರ ಬಳೆಗಾರ ಊರು ಸುತ್ತುತ್ತಿರಲಿಲ್ಲ. ಬಡಗಿ ಹಲಸಿನ ಮರದ ಹೊಸ ಅಡ್ಡಪಟ್ಟಿ ಹೊತ್ತು ತಂದ. ಬಳೆಗಾರ ಹಾರೆ ಹಿಡಿದ. ಅವನಿಗೆ ಹಾರೆ ಹಿಡಿಯಲು ಬರುತ್ತಿರಲಿಲ್ಲ, ಹಾಡಲು ಬರುತ್ತಿತ್ತು. ಹಾಡುತ್ತಾ ಅಗೆದ. ಮೀನು ಮಾರಿ ಹಿಂದಿರುಗುತ್ತಿದ್ದ ಹೆಂಗಸರು ಹಾಡು ಕೇಳಿ ನಿಂತರು. ಅವನು ಹಾರೆ ಹಿಡಿದ ರೀತಿ ನೋಡಿ ನಕ್ಕರು. ನಕ್ಕ ಮೇಲೆ ಸುಮ್ಮನೆ ಹೋಗಲು ಮನಸ್ಸಾಗದೆ ಬುಟ್ಟಿ ಇಳಿಸಿ, ಅವರೇ ಹಾರೆ ತೆಗೆದುಕೊಂಡರು. ಸಂಜೆಯೊಳಗೆ ತಡಮೆ ಎದ್ದು ನಿಂತಿತು. ಎಲ್ಲರೂ ಒಂದೊಂದು ಸಲ ಹತ್ತಿ ಇಳಿದರು. ಒಬ್ಬಾಕೆ ಮೂರು ಸಲ ಹತ್ತಿ ಇಳಿದಳು.

ಮುಂದಿನ ಸೋಮವಾರ ಎರಡನೆಯ ತಡಮೆ. ಅದರ ಮುಂದಿನ ಸೋಮವಾರ ಮೂರನೆಯದು. ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ. ಹಾಡು ಕೇಳಿದರೆ ಬರುತ್ತಿದ್ದರು. ಒಬ್ಬರು ಬೆಲ್ಲ ತಂದರು, ಒಬ್ಬರು ಅವಲಕ್ಕಿ ತಂದರು. ಹೊಳೆಯ ದಂಡೆಯ ಊರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ವಯಸ್ಸಾಗಿತ್ತು, ಒಂದು ಮೊಣಕಾಲು ಮಡಚುತ್ತಿರಲಿಲ್ಲ. ಅವಳಿಗೆ ಕಲ್ಲು ಎತ್ತಲು ಆಗುತ್ತಿರಲಿಲ್ಲ. ಆದರೆ ಪ್ರತಿ ಹೊಸ ತಡಮೆಯನ್ನೂ ಮೊದಲು ಹತ್ತಿ, "ಮೆಟ್ಟಿಲು ಎತ್ತರವಾಯಿತು" ಎಂದೋ, "ಈಗ ಸರಿಯಾಯಿತು" ಎಂದೋ ಹೇಳುತ್ತಿದ್ದಳು. ಅವಳು ಸರಿ ಎನ್ನುವವರೆಗೆ ಬಡಗಿ ಉಳಿ ಕೆಳಗಿಡುತ್ತಿರಲಿಲ್ಲ.

ನಾಲ್ಕನೆಯ ತಡಮೆಗೆ ಒಬ್ಬ ವ್ಯಾಪಾರಿ ಬಂದು ಸೇರಿದ. ದೊಡ್ಡ ಅಂಗಡಿಯವನು, ದೇವರಲ್ಲಿ ಭಯವುಳ್ಳವನು. ಅಂಗಿ ಕಳಚಿಟ್ಟು ಎಲ್ಲರಿಗಿಂತ ಹೆಚ್ಚು ಮಣ್ಣು ಹೊತ್ತ. ಎಲ್ಲರಿಗೂ ಅವನ ಮೇಲೆ ಗೌರವ ಬಂತು. ಆದರೆ ಐದನೆಯ ತಡಮೆಯ ಹತ್ತಿರ ಅವನು ಎಲ್ಲರನ್ನೂ ನಿಲ್ಲಿಸಿ ಹೇಳಿದ:

"ನನಗೊಂದು ಭಯ ಹುಟ್ಟಿದೆ. ಕಳೆದ ಸೋಮವಾರ ಮನೆಗೆ ಹೋಗುವಾಗ ಹಬ್ಬದೂಟ ಮಾಡಿದಷ್ಟು ಖುಷಿಯಾಗಿತ್ತು. ಹೀಗೆ ಕೂಲಿಯೆಲ್ಲ ಇಲ್ಲೇ ಸಿಕ್ಕಿಬಿಟ್ಟರೆ ಮೇಲೆ ನಮಗೆ ಏನು ಉಳಿಯುತ್ತದೆ? ಇದು ಧರ್ಮದ ಕೆಲಸ. ಹಾಡು, ತಮಾಷೆ ಬೇಡ. ಮೌನವಾಗಿ ಮಾಡೋಣ."

ಎಲ್ಲರಿಗೂ ನಾಚಿಕೆಯಾಯಿತು. ಅವನು ತಿಳಿದವನು, ಅವನ ಮಾತು ಸರಿಯಿರಬೇಕು ಎಂದುಕೊಂಡರು. ಬಳೆಗಾರ ಹಾಡು ನಿಲ್ಲಿಸಿದ.

ಐದನೆಯ ತಡಮೆಯನ್ನು ಮೌನವಾಗಿ ಕಟ್ಟಿದರು. ಮರುದಿನ ನೋಡಿದರೆ ಮೆಟ್ಟಿಲು ಕಲ್ಲು ತಲೆಕೆಳಗಾಗಿ ಕುಳಿತಿತ್ತು. ಕಟ್ಟುವಾಗಲೇ ಅದನ್ನು ಕಂಡವರು ಇಬ್ಬರಿದ್ದರು, ಮಾತಾಡಬಾರದಲ್ಲ ಎಂದು ಇಬ್ಬರೂ ಸುಮ್ಮನಿದ್ದರು. ಆರನೆಯದಕ್ಕೆ ಮೀನಿನ ಹೆಂಗಸರು ಬಂದರು. ಅಲ್ಲಿನ ಮೌನ ಕಂಡು, ಯಾರದೋ ಮನೆಯಲ್ಲಿ ಸಾವಾಗಿದೆ ಎಂದು ತಿಳಿದು ತಲೆ ತಗ್ಗಿಸಿ ಮುಂದೆ ಹೋದರು. ಏಳನೆಯದಕ್ಕೆ ಬಡಗಿ, ಬಳೆಗಾರ, ವ್ಯಾಪಾರಿ ಮೂವರೇ ಉಳಿದರು. ಸೂಲಗಿತ್ತಿಯ ಕಾಲಿನ ಅಳತೆಗೆ ಮೆಟ್ಟಿಲನ್ನು ಬಡಗಿ ನೆನಪಿನಿಂದಲೇ ಇಟ್ಟ. ಒಂದು ದಿನದ ಕೆಲಸಕ್ಕೆ ಮೂರು ಸೋಮವಾರ ಹಿಡಿಯಿತು.

ಎಂಟನೆಯ ತಡಮೆ ಮಾತ್ರ ಇರಲೇ ಇಲ್ಲ.

ಅದು ಒಬ್ಬ ರೈತನ ಹೊಲದ ಬಾಯಲ್ಲಿತ್ತು, ಗುಡ್ಡದ ಊರಿಗೆ ಕೂಗಳತೆಯಲ್ಲಿ. ಎರಡು ವರ್ಷದ ಹಿಂದೆ ಅವನು ತಡಮೆಯನ್ನು ಕಿತ್ತು, ಆ ಜಾಗಕ್ಕೆ ಮುಳ್ಳು ಒಟ್ಟಿದ್ದ. ನೆರೆಮನೆಯ ಮುದುಕಿಗೆ ಒಂದು ಆಡಿತ್ತು. ಮೈಮೇಲೆ ಬಿಳಿ ಚುಕ್ಕೆಗಳಿದ್ದುದರಿಂದ ಅದನ್ನು ಚುಕ್ಕಿ ಎಂದು ಕರೆಯುತ್ತಿದ್ದಳು. ಚುಕ್ಕಿ ಮುರುಕು ತಡಮೆಯನ್ನು ಹತ್ತಿ ಎರಡು ಸಲ ಅವನ ಅಲಸಂದೆಯನ್ನು ಬುಡಸಹಿತ ಮೇಯ್ದಿತ್ತು. ರೈತನೂ ಮುದುಕಿಯೂ ಅಂದಿನಿಂದ ಮಾತು ಬಿಟ್ಟಿದ್ದರು. ದಾರಿ ಅಲ್ಲಿಗೇ ನಿಂತಿತ್ತು. ಮೇಲಿನ ಊರಿನವರು ಮುಳ್ಳಿನ ಪಕ್ಕದಲ್ಲಿ ಹೇಗೋ ನುಸುಳಿ ಬರುತ್ತಿದ್ದರು. ನುಸುಳಲಾಗದವರು ಗಾಡಿರಸ್ತೆ ಹಿಡಿಯುತ್ತಿದ್ದರು.

ಮೂವರೂ ರೈತನ ಮನೆಗೆ ಹೋದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳು ಜಗಲಿಯಲ್ಲಿ ಕುಳಿತಿದ್ದಳು. ರೈತ ಅವರಿಗೆ ನೀರು ಬೆಲ್ಲ ಕೊಟ್ಟ. ಆಮೇಲೆ ಹೇಳಿದ:

"ಮನುಷ್ಯರು ನನ್ನ ಹೊಲದಲ್ಲಿ ನಡೆದರೆ ನನಗೆ ಬೇಸರವಿಲ್ಲ. ಆ ಸೂಲಗಿತ್ತಿಯಮ್ಮನ ಕಾಲು ಹತ್ತಬೇಕು, ಈ ಚುಕ್ಕಿಯ ಕಾಲು ಹತ್ತಬಾರದು. ಅಂಥದೊಂದು ತಡಮೆ ಕಟ್ಟಿಕೊಡಿ, ಇವತ್ತೇ ಮುಳ್ಳು ತೆಗೆಯುತ್ತೇನೆ."

ಬಡಗಿ ಒಪ್ಪಿದ. ಕಟ್ಟಿದ. ಪರೀಕ್ಷೆಗೆ ಆಡನ್ನು ಮುದುಕಿಯೇ ಹಿಡಿದು ತಂದಳು. "ಇದಕ್ಕೆ ದಾಟಲಾಗದ ಬೇಲಿಯನ್ನು ನಾನು ಈವರೆಗೆ ಕಂಡಿಲ್ಲ," ಎಂದಳು. ಅದರಲ್ಲಿ ಬೇಸರಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು. ಬಿಟ್ಟಳು. ಚುಕ್ಕಿ ಮೆಟ್ಟಿಲು ಕಲ್ಲಿನ ಮೇಲೆ ನಾಲ್ಕೂ ಕಾಲು ಕೂಡಿಸಿ ನಿಂತಿತು, ಅಡ್ಡಪಟ್ಟಿಯ ಮೇಲೆ ಹಾರಿತು, ಆಚೆಗಿಳಿದು ಅಲಸಂದೆಗೆ ಬಾಯಿ ಹಾಕಿತು.

ರೈತ ಮುಳ್ಳನ್ನು ಮತ್ತೆ ಒಟ್ಟಿದ.

ಮುಂದಿನ ಸೋಮವಾರ ಬಡಗಿ ಮೆಟ್ಟಿಲು ಕಲ್ಲನ್ನೇ ತೆಗೆದ. ಇನ್ನೂ ಮೂರು ಪಟ್ಟಿ ಏರಿಸಿದ. ತಡಮೆ ಎದೆಯ ಎತ್ತರಕ್ಕೆ ಬಂತು. ವ್ಯಾಪಾರಿ ಅದರ ಬುಡದಲ್ಲಿ ಬಗ್ಗಿ ಕುಳಿತು ಮಣ್ಣು ಒತ್ತುತ್ತಿದ್ದ. ಮುದುಕಿ ಆಡನ್ನು ತಂದು ಬಿಟ್ಟಳು. ಚುಕ್ಕಿ ತಡಮೆಯನ್ನು ನೋಡಿತು. ವ್ಯಾಪಾರಿಯ ಬೆನ್ನನ್ನು ನೋಡಿತು. ಎರಡೇ ನೆಗೆತ: ಒಂದು ಅವನ ಬೆನ್ನಿಗೆ, ಇನ್ನೊಂದು ಅಲಸಂದೆಗೆ.

ವ್ಯಾಪಾರಿ ಮುಖ ಅಡಿಯಾಗಿ ಮಣ್ಣಿಗೆ ಬಿದ್ದ. ಅವನ ಹೆಗಲು ಕುಲುಕುತ್ತಿತ್ತು. ಅಳುತ್ತಿದ್ದಾನೆ ಎಂದುಕೊಂಡು ಬಳೆಗಾರ ಓಡಿ ಬಂದು ಎಬ್ಬಿಸಿದ. ವ್ಯಾಪಾರಿ ನಗುತ್ತಿದ್ದ. ಬಾಯಿತುಂಬ ಮಣ್ಣು, ಕಣ್ಣುತುಂಬ ನೀರು. ನಿಲ್ಲಿಸಲು ನೋಡಿದ, ಆಗಲಿಲ್ಲ. "ನಲವತ್ತು ವರ್ಷ ತಕ್ಕಡಿ ಹಿಡಿದಿದ್ದೇನೆ," ಎಂದ ನಡುನಡುವೆ, "ನನ್ನ ಬೆನ್ನನ್ನು ಇಷ್ಟು ಸರಿಯಾಗಿ ಅಳೆದವರು ಯಾರೂ ಇಲ್ಲ!" ಮುದುಕಿ ನಕ್ಕಳು. ಬಡಗಿಯೂ ನಕ್ಕ. ಬೇಲಿಯ ಆಚೆ ಆಡಿನ ಹಿಂದೆ ಓಡುತ್ತಿದ್ದ ರೈತ, ಓಡುವುದನ್ನು ನಿಲ್ಲಿಸಿ, ಸೊಂಟಕ್ಕೆ ಕೈಕೊಟ್ಟು ನಕ್ಕ.

ಬಳೆಗಾರ ಅವತ್ತು ಮತ್ತೆ ಹಾಡಿದ. ಬೇಡ ಎಂದು ಯಾರೂ ಹೇಳಲಿಲ್ಲ. ವ್ಯಾಪಾರಿಯೇ ಎರಡನೆಯ ಸಾಲು ಹಿಡಿದ. ಅವನಿಗೆ ಹಾಡಲು ಬರುತ್ತಿರಲಿಲ್ಲ.

ಸುದ್ದಿ ಎರಡೂ ಊರಿಗೆ ಹಬ್ಬಿತು. ಮುಂದಿನ ಸೋಮವಾರ ಆಡನ್ನು ನೋಡಲಿಕ್ಕೆಂದೇ ಜನ ಬಂದರು. ಬಂದವರು ಸುಮ್ಮನಿರಲಿಲ್ಲ. ಕೆಲವರು ಐದನೆಯ ತಡಮೆಯ ಕಲ್ಲನ್ನು ಮಗುಚಿ ಸರಿಮಾಡಿದರು. ಕೆಲವರು ದಾರಿಯ ಎರಡೂ ಬದಿಯ ಗಿಡ ಸವರಿದರು. ಮೀನಿನ ಹೆಂಗಸರು ತಿರುಗಿ ಬಂದರು. ಆದರೆ ಎಂಟನೆಯ ತಡಮೆಗೆ ಏನು ಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ರೈತನೇ ಹೇಳಿದ:

"ನಾನು ಎರಡು ವರ್ಷದಿಂದ ಅದರ ಹಿಂದೆ ಓಡುತ್ತಿದ್ದೇನೆ, ಅದರ ವಿದ್ಯೆಯೆಲ್ಲ ನನಗೆ ಗೊತ್ತು. ಅದಕ್ಕೆ ಹತ್ತಲು ಬರುತ್ತದೆ, ಹಾರಲು ಬರುತ್ತದೆ, ತಲೆಯಿಂದ ನೂಕಲು ಬರುತ್ತದೆ. ಎಳೆಯಲು ಬರುವುದಿಲ್ಲ."

"ಹಾಗಾದರೆ ತಡಮೆ ಬೇಡ, ಎದೆಯೆತ್ತರದ ಬಾಗಿಲು ಮಾಡೋಣ. ದಾರಿಯ ಕಡೆಗೆ ಎಳೆದರೆ ಮಾತ್ರ ತೆರೆಯಬೇಕು," ಎಂದ ಬಡಗಿ.

"ಜನ ತೆರೆದವರು ಹಾಕದೆ ಹೋಗುತ್ತಾರೆ," ಎಂದ ರೈತ.

"ಕಂಬವನ್ನು ಸ್ವಲ್ಪ ಓರೆಯಾಗಿ ನಿಲ್ಲಿಸುತ್ತೇನೆ. ಕೈಬಿಟ್ಟರೆ ತನ್ನ ಭಾರಕ್ಕೆ ತಾನೇ ಹಾಕಿಕೊಳ್ಳುತ್ತದೆ."

ರೈತ ತನ್ನ ಹಿತ್ತಲಲ್ಲಿ ಮನೆಗೆಂದು ಒಣಗಿಸಿಟ್ಟಿದ್ದ ಹಲಗೆಯನ್ನೇ ತಂದುಕೊಟ್ಟ.

ಅದರ ಮುಂದಿನ ಸೋಮವಾರ ಬಡಗಿ ಹೊಲದ ಬದಿಯಲ್ಲಿ ಕುಳಿತು ಹಲಗೆ ಕೆತ್ತುತ್ತಿದ್ದ. ಎದೆಯೆತ್ತರದ ತಡಮೆ ಇನ್ನೂ ನಿಂತಿತ್ತು. ಮಧ್ಯಾಹ್ನದ ಹೊತ್ತಿಗೆ ರೈತನ ಹೆಂಡತಿ ಮನೆಯಿಂದ ಓಡಿ ಬಂದಳು. ಮಗಳಿಗೆ ನೋವು ಶುರುವಾಗಿತ್ತು. ದಿನ ತುಂಬಲು ಇನ್ನೂ ಎರಡು ವಾರವಿತ್ತು. ಯಾರೂ ಅದಕ್ಕೆ ಸಿದ್ಧರಾಗಿರಲಿಲ್ಲ. ಗಾಡಿ ಕಟ್ಟಿ ರಸ್ತೆಯಲ್ಲಿ ಹೋಗಿ ಸೂಲಗಿತ್ತಿಯನ್ನು ಕರೆತರಲು ಇಡೀ ದಿನ ಬೇಕು.

ಬಳೆಗಾರ ಹಾರೆ ಎಸೆದು ಇಳಿಜಾರಿನಲ್ಲಿ ಓಡಿದ. ಏಳು ತಡಮೆಗಳನ್ನು ಹತ್ತಿ ಇಳಿದ. ಹಿಂದಿರುಗುವಾಗ ಅವನ ಜೊತೆ ಸೂಲಗಿತ್ತಿ ಇದ್ದಳು. ಒಂದೊಂದು ತಡಮೆಯ ಮೇಲೂ ತನಗೆಂದೇ ಅಳೆದಿಟ್ಟ ಮೆಟ್ಟಿಲಿನ ಮೇಲೆ ಕಾಲಿಟ್ಟು, ಕಂಬ ಹಿಡಿದು, ಏದುಸಿರು ಬಿಡುತ್ತಾ ಮೇಲೆ ಬಂದಳು. ಎಲ್ಲೂ ನಿಲ್ಲಲಿಲ್ಲ. ಎಂಟನೆಯದರ ಮುಂದೆ ನಿಂತಳು. ಅದಕ್ಕೆ ಮೆಟ್ಟಿಲೇ ಇರಲಿಲ್ಲ. ಎರಡು ಬದಿಗೂ ಮುಳ್ಳಿತ್ತು.

"ಇದನ್ನು ಯಾರಿಗಾಗಿ ಕಟ್ಟಿದಿರಿ?" ಎಂದಳು.

ರೈತ ಬರಿಗೈಯಲ್ಲಿ ಮುಳ್ಳು ಕೀಳತೊಡಗಿದ. ಒತ್ತಿ ಒಟ್ಟಿದ ಮುಳ್ಳು, ಒಂದಕ್ಕೊಂದು ಹೆಣೆದುಕೊಂಡಿತ್ತು. ಆಗ ವ್ಯಾಪಾರಿ ಬಂದು ತಡಮೆಯ ಬುಡದಲ್ಲಿ ಮಂಡಿಯೂರಿ, ಎರಡೂ ಕೈ ನೆಲಕ್ಕೆ ಕೊಟ್ಟು ಬಗ್ಗಿದ.

"ಅಮ್ಮಾ, ಕಾಲಿಡಿ," ಎಂದ.

"ಸಾಹುಕಾರರೇ, ನಿಮ್ಮ ಮೈಮೇಲೆ ನಾನು ಕಾಲಿಡುವುದೇ?"

"ಆಡು ಕಾಲಿಟ್ಟು ನೋಡಿ, ಗಟ್ಟಿಯಾಗಿದೆ ಎಂದಿದೆ. ಬೇಗ ಹತ್ತಿ."

ಸೂಲಗಿತ್ತಿ ಅವನ ಬೆನ್ನ ಮೇಲೆ ಕಾಲಿಟ್ಟಳು. ಬಳೆಗಾರ ಈಚೆಯಿಂದ ಹಿಡಿದ, ರೈತ ಆಚೆಯಿಂದ ಇಳಿಸಿಕೊಂಡ. ಅವನ ಕೈಯೆಲ್ಲ ರಕ್ತವಾಗಿತ್ತು. "ಮೊದಲು ಬಿಸಿನೀರು ಕಾಯಿಸು, ಆಮೇಲೆ ಅಳುವಿಯಂತೆ," ಎಂದು ಅವನನ್ನು ಗದರಿಸಿ ಅವಳು ಮನೆಯ ಕಡೆಗೆ ನಡೆದಳು.

ಯಾರೂ ಮನೆಗೆ ಹೋಗಲಿಲ್ಲ. ಬೇಲಿಯ ಆಚೀಚೆ ಕುಳಿತರು. ಬಡಗಿ ಸುಮ್ಮನೆ ಕುಳಿತಿರಲಾಗದೆ ಬಾಗಿಲು ಕೆತ್ತಿದ. ಮುದುಕಿ ಆಡಿನ ಕುತ್ತಿಗೆ ತಬ್ಬಿಕೊಂಡು ಕುಳಿತಿದ್ದಳು. ಬಿಸಿಲು ಇಳಿಯುವ ಮುಂಚೆ ಮನೆಯೊಳಗಿಂದ ಒಂದು ಸಣ್ಣ ಅಳು ಕೇಳಿಸಿತು. ಆಮೇಲೆ ಸೂಲಗಿತ್ತಿಯ ದೊಡ್ಡ ದನಿ ಕೇಳಿಸಿತು: "ಹೆಣ್ಣು ಮಗು! ತಾಯಿ ಚೆನ್ನಾಗಿದ್ದಾಳೆ!"

ಆ ಹೊಲದಲ್ಲಿ ಎದ್ದ ಗದ್ದಲ ಹೊಳೆಯ ದಂಡೆಗೂ ಕೇಳಿಸಿತಂತೆ. ಮೀನಿನ ಹೆಂಗಸರು ಕುಣಿದರು. ವ್ಯಾಪಾರಿ ಬೆನ್ನು ನೀವಿಕೊಳ್ಳುತ್ತಾ ಯಾರು ಎದುರಿಗೆ ಸಿಕ್ಕರೂ ಅಪ್ಪಿಕೊಂಡ. ರೈತ ಹೊರಗೆ ಬಂದವನು ಎಲ್ಲರನ್ನೂ ದಾಟಿ ನೇರ ಮುದುಕಿಯ ಹತ್ತಿರ ಹೋದ. ಎರಡು ವರ್ಷದಲ್ಲಿ ಮೊದಲ ಮಾತು ಅವನದೇ ಆಯಿತು.

"ಅಜ್ಜೀ, ಬಾಣಂತಿಗೆ ಆಡಿನ ಹಾಲು ಕೊಡಬಹುದೇ?" ಎಂದ.

"ಕೇಳಬೇಕೇ ತಮ್ಮಾ? ನಿನ್ನ ಅಲಸಂದೆ ತಿಂದು ತಿಂದೇ ಇದರ ಹಾಲು ಇಷ್ಟು ಗಟ್ಟಿಯಾಗಿರುವುದು," ಎಂದಳು ಮುದುಕಿ.

ಮುಂದಿನ ಸೋಮವಾರ ಬಾಗಿಲು ನಿಂತಿತು. ಸೂಲಗಿತ್ತಿ ಎರಡೇ ಬೆರಳಿನಿಂದ ಎಳೆದಳು, ಒಳಗೆ ಬಂದಳು, ಕೈಬಿಟ್ಟಳು. ಬಾಗಿಲು ತಾನೇ ಹೋಗಿ ಹಾಕಿಕೊಂಡಿತು. "ಈಗ ಸರಿಯಾಯಿತು," ಎಂದಳು. ಆಮೇಲೆ ಚುಕ್ಕಿಯ ಸರದಿ. ಅದು ಬಾಗಿಲಿಗೆ ತಲೆ ಕೊಟ್ಟು ನೂಕಿತು. ಹಿಂದೆ ಸರಿದು ಮತ್ತೆ ನೂಕಿತು. ಮೂರನೆಯ ಸಲ ನೂಕಲಿಲ್ಲ. ಸುತ್ತಲಿನ ಜನರ ಮುಖವನ್ನು ಒಂದೊಂದಾಗಿ ನೋಡಿತು. ಕೊನೆಗೆ ವ್ಯಾಪಾರಿಯ ಹತ್ತಿರ ಹೋಗಿ ನಿಂತಿತು. ಜನ ನಕ್ಕು ನಕ್ಕು ನೆಲ ಹಿಡಿದರು. ರೈತ ಹೊಲಕ್ಕಿಳಿದು ಒಂದು ಹಿಡಿ ಅಲಸಂದೆ ಬಳ್ಳಿ ಕಿತ್ತು ತಂದು ಬೇಲಿಯ ಮೇಲಿನಿಂದ ಅದರ ಬಾಯಿಗೆ ಕೊಟ್ಟ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ನಗುತ್ತಿದ್ದ. ನಗು ತಡೆದುಕೊಂಡು ಕೇಳಿದ: "ಗುರುಗಳೇ, ಕತೆ ಚೆನ್ನಾಗಿದೆ. ಆದರೆ ಆ ವ್ಯಾಪಾರಿಯ ಭಯಕ್ಕೆ ಉತ್ತರ ಸಿಗಲಿಲ್ಲವಲ್ಲ. ಅಷ್ಟು ಖುಷಿಪಟ್ಟ ಮೇಲೂ ಅವನಿಗೆ ಪುಣ್ಯ ಉಳಿಯಿತೇ?"

ಗುರುಗಳು ಅವನ ಮುಖವನ್ನೇ ನೋಡುತ್ತಾ ಕೇಳಿದರು:

"ನೀನು ಮುಖ ಬಿಗಿದುಕೊಂಡು ನೀರು ಕೊಟ್ಟ ಈ ಒಂದು ವಾರದಲ್ಲಿ, ಮೊದಲಿನ ಹಾಗೆ ಇನ್ನೊಂದು ಲೋಟ ಬೇಕೆಂದು ಎಷ್ಟು ಜನ ಕೇಳಿದರು?"